ವಸ್ತ್ರಶುದ್ಧಿ ಚೂರ್ಣ

ಶೆಟ್ಟಿಕೆರೆಯ ಮೀನಾಕ್ಷಮ್ಮನವರ ತಾಪತ್ರಯ ಶುರುವಾದದ್ದು ಗಂಡನ ಮೇಲಿನ ಕನಿಕರದಿಂದ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದ ಕಾಡಸಿದ್ದಪ್ಪನವರು ಮೊಬೈಲಿನಲ್ಲಿ ಏನನ್ನೋ ನೋಡಿ, ಅಂಗಡಿಯ ಸೋಪಿನ ಪುಡಿ ಇನ್ನು ಹೊಸಿಲು ದಾಟಕೂಡದೆಂದು ಅಪ್ಪಣೆ ಹೊರಡಿಸಿದರು. ಅಂಟುವಾಳದ ಕಾಯಿ ಒಣಗಿಸಿ ಕುಟ್ಟಿದರು, ವಾಷಿಂಗ್ ಸೋಡಾ ಬೆರೆಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಬಟ್ಟೆಗಳು ಬದುಕುತ್ತಿದ್ದವು. ನಮ್ಮ ಸೀಮೆಯ ಕೊಡುಗೆಯೂ ಇರಲೆಂದು ಹಂಡೆ ಒಲೆಯಿಂದ ತೆಂಗಿನ ಚಿಪ್ಪಿನ ಬೂದಿಯನ್ನು ಗೋರಿ ಸುರಿದರು. ಡಬ್ಬಕ್ಕೆ ‘ವಸ್ತ್ರಶುದ್ಧಿ ಚೂರ್ಣ’ ಎಂದು ಚೀಟಿ ಅಂಟಿಸಿದರು. (ಹೆಸರಿಡುವುದರಲ್ಲಿ ಅವರು ಎಂದೂ ಜಿಪುಣತನ ಮಾಡಿದವರಲ್ಲ. ಹೊತ್ತಿಗೆ ಅರ್ಧ ಲೀಟರು ಕೊಡುತ್ತಿದ್ದ ಎಮ್ಮೆಗೆ ‘ಕ್ಷೀರಸಾಗರಿ’ ಎಂದಿಟ್ಟಿದ್ದರು.)

ಆ ಚೂರ್ಣದಲ್ಲಿ ಒಗೆದ ಮೊದಲ ಬಿಳಿ ಪಂಚೆ ರಾಗಿ ಅಂಬಲಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ತೋರಿಸಿಯೇ ಬಿಡೋಣವೆಂದು ಮೀನಾಕ್ಷಮ್ಮ ಜಗಲಿಗೆ ಬಂದರು. ಅಲ್ಲಿ ಗಂಡ, ನಿವೃತ್ತಿಯಾದ ಮೇಲೆ ಮೊದಲ ಸಲ, ಶಿಳ್ಳೆ ಹಾಕುತ್ತಾ ಕುಟ್ಟುತ್ತಿದ್ದರು. ಪಂಚೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಹಿತ್ತಲಿಗೆ ಹೋಗಿ, ಉಳಿದಿದ್ದ ಅಂಗಡಿ ಪುಡಿಯಲ್ಲಿ ಇನ್ನೊಮ್ಮೆ ಒಗೆದು ಹರವಿದರು.

ಸಂಜೆ ಮೇಷ್ಟ್ರು ಪಂಚೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು. “ಮಲ್ಲಿಗೆ ಕಣೇ ಮೀನಾಕ್ಷಿ, ಮಲ್ಲಿಗೆ ಇದು,” ಎಂದರು.

ಅಂದಿನಿಂದ ಮನೆಯಲ್ಲಿ ಪ್ರತಿ ಬಟ್ಟೆಗೂ ಎರಡು ಒಗೆತ. ಪುಡಿ ಮುಗಿದಾಗ ಊರಿನ ಅಂಗಡಿಯಲ್ಲಿ ಕೊಂಡರೆ ಸುದ್ದಿ ತಮಗಿಂತ ಮುಂಚೆ ಮನೆ ಸೇರುತ್ತದೆಂದು ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿಗೆ ಹೋಗಿ ತಂದರು. ರಾಗಿ ಡ್ರಮ್ಮಿನ ಹಿಂದೆ ಬಚ್ಚಿಟ್ಟರು. ಮೂರು ವಾರದಲ್ಲಿ ರಟ್ಟೆ ಬಿದ್ದುಹೋಯಿತು. ಗುಟ್ಟು ಮಾತ್ರ ಉಳಿಯಿತು.

ಅಷ್ಟರಲ್ಲಿ ಮೇಷ್ಟ್ರ ಪಂಚೆಯ ಬಿಳುಪು ಮಹಿಳಾ ಸಂಘದ ಅಧ್ಯಕ್ಷೆ ಚಿಕ್ಕಗೌರಮ್ಮನವರ ಕಣ್ಣಿಗೆ ಬಿತ್ತು. ಭಾನುವಾರ ಸಂಘದ ಮುಂದೆ ಒಗೆದು ತೋರಿಸಬೇಕೆಂದು ಆಹ್ವಾನ ಬಂತು. ಮೀನಾಕ್ಷಮ್ಮ ತಡೆಯಲು ನೋಡಿದರು.

“ಎಲ್ಲರ ಮುಂದೆ ಯಾಕ್ರೀ? ನಮ್ ಮನೆಗೆ ಆದ್ರೆ ಸಾಕು, ಬುಡಿ.”

“ತಿಳಿದದ್ದನ್ನ ಹಂಚ್ಬೇಕು ಕಣೇ,” ಎಂದು ಮೇಷ್ಟ್ರು ಭಾಷಣ ಬರೆಯಲು ಕೂತರು.

ನಿಜ ಹೇಳಬೇಕೆಂದರೆ ಮೂರು ವಾರದ ಸುಳ್ಳಿನಿಂದ ಶುರುಮಾಡಬೇಕಿತ್ತು. ಅದಕ್ಕಿಂತ ಸುಲಭವೆಂದು ತೋರಿ, ಭಾನುವಾರ ಅವರು ಸ್ನಾನಕ್ಕೆ ಹೋದಾಗ ಮೀನಾಕ್ಷಮ್ಮ ಡಬ್ಬದ ಮುಕ್ಕಾಲು ಚೂರ್ಣವನ್ನು ತಿಪ್ಪೆಗೆ ಸುರಿದು ಅಂಗಡಿ ಪುಡಿ ತುಂಬಿದರು.

ಕೆಮ್ಮಣ್ಣು ಬಳಿದ ಟವೆಲು ಎಲ್ಲರ ಕಣ್ಣೆದುರೇ ಬೆಳ್ಳಗಾಯಿತು. ಚಪ್ಪಾಳೆ ಬಿತ್ತು. ಆಮೇಲೆ ಚಿಕ್ಕಗೌರಮ್ಮ ಡಬ್ಬದೊಳಗೆ ಬಗ್ಗಿ ನೋಡಿ, “ಈ ನೀಲಿ ಕಾಳು ಏನು ಮೇಷ್ಟ್ರೇ?” ಎಂದರು.

ಮೇಷ್ಟ್ರೂ ಬಗ್ಗಿ ನೋಡಿದರು.

“ಅದು ಅಂಟುವಾಳದ ಸತ್ವ. ಚೆನ್ನಾಗಿ ಒಣಗಿದ್ರೆ ನೀಲಿಗೆ ತಿರುಗ್ತದೆ,” ಎಂದರು ಮೇಷ್ಟ್ರು, ಮೂವತ್ತು ವರ್ಷ ಪಾಠ ಹೇಳಿದ ಗಾಂಭೀರ್ಯದಲ್ಲಿ. ಮೂವತ್ತು ಜನ ಸದಸ್ಯರೂ ಮನೆಗೆ ಒಂದೊಂದು ಕೇಜಿ ಬೇಕೆಂದು ಹೆಸರು ಬರೆಸಿದರು.

ಮನೆಯ ದಾರಿಯಲ್ಲಿ ಮೇಷ್ಟ್ರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ, “ಮೂವತ್ತು ಕೇಜಿ ಬಸ್ಸಲ್ಲಿ ತರಕ್ಕಾಗಲ್ಲ. ಚಿಕ್ಕನಾಯಕನಹಳ್ಳಿಗೆ ಗೂಡ್ಸ್ ಆಟೋ ಹೇಳ್ತೀನಿ ಬುಡು,” ಎಂದರು.

ಮೀನಾಕ್ಷಮ್ಮ ನಿಂತುಬಿಟ್ಟರು. ಎಂದಿನಿಂದ ಗೊತ್ತು ಎಂದು ಕೇಳಿದರು.

“ಮೊದಲನೇ ಪಂಚೆಯಿಂದ. ಅಂಟುವಾಳಕ್ಕೆಲ್ಲಾದರೂ ಮಲ್ಲಿಗೆ ವಾಸನೆ ಬತ್ತದೇನೇ?”

“ಮತ್ತೆ ಹೇಳ್ಬಾರ್ದಿತ್ತೇನ್ರೀ? ರಟ್ಟೆ ಬಿದ್ದೋದ್ವು ನಂಗೆ.”

“ನೀನು ಅಷ್ಟು ಕಷ್ಟಪಟ್ಟು ಎರಡೆರಡು ಸಲ ಒಗೀತಿದ್ದೆ,” ಎಂದರು ಮೇಷ್ಟ್ರು. “ಹೇಳಿ ನಿನ್ನ ಮನಸ್ಸು ಯಾಕೆ ನೋಯಿಸ್ಲಿ ಅಂತ ಸುಮ್ಕಿದ್ದೆ.”