ನಕ್ಷತ್ರ ಒರೆಸುವವರ ರಜೆ

ರಾಜಕೀಯ ಎಂದರೆ ನನಗೆ ಮೊದಲಿನಿಂದಲೂ ಆಗದು. ಯಾರಿಗೆ ವೋಟು ಹಾಕಿದಿರಿ ಎಂದು ಹೆಂಡತಿ ಕೇಳಿದರೂ "ಹಾಕಿದೆ" ಎಂದಷ್ಟೇ ಹೇಳಿ ಜಾರಿಕೊಳ್ಳುವವನು ನಾನು. ನಾಪೋಕ್ಲು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೇನೆ. ನಮ್ಮಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ, ಕೆಲಸದವರ ಹಾಜರಿ ಬರೆಯುವವನು. ಮೇಲೆ ಸಾಹುಕಾರರು, ಕೆಳಗೆ ಲೈನುಮನೆಗಳ ಕೆಲಸದವರು, ನಡುವೆ ನಾನು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ, ಒಂದಿಷ್ಟು ಸಕ್ಕರೆ ಬೆರೆಸಿ ದಾಟಿಸುವುದೇ ನನ್ನ ಉದ್ಯೋಗ.

"ನಾಳೆಯಿಂದ ಕಾಫಿ ಹಣ್ಣಿನ ಪಿಕಿಂಗ್. ಇವತ್ತು ಲೈನಿನ ಮಕ್ಕಳಿಗೆ ಒಂದು ಸಿನಿಮಾ ತೋರಿಸಿ ರೈಟರೇ. ರಾಜಕೀಯ ಗೀಜಕೀಯ ಬೇಡ" ಎಂದರು ಸಾಹುಕಾರರು. ನಾನು ಆರಿಸಿದ್ದು ಇಂಗ್ಲಿಷಿನ ಒಂದು ಮಾಯಾಲೋಕದ ಚಿತ್ರ. ಅದರ ಮೂಲ ಪುಸ್ತಕವನ್ನು ಮಗಳಿಗೆ ಓದಿ ಹೇಳಿದ್ದೆ: ಮೋಡದ ಮೇಲೊಬ್ಬ ರಾಜ, ನಕ್ಷತ್ರ ಒರೆಸುವ ಕಿನ್ನರಿಯರು, ಕೊನೆಗೆ ರಾಜಕುಮಾರಿಯ ಮದುವೆ, ಊಟ. ಇದರಲ್ಲಿ ಯಾವ ಪಕ್ಷ, ಯಾವ ಬಾವುಟ? ಗೋಡೌನಿನ ಬಾಗಿಲು ಹಾಕಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳತೊಡಗಿದೆ. ಮಕ್ಕಳ ಹಿಂದೆ ತಾಯಂದಿರೂ ಬಂದು ಕೂತರು. ಆದರೆ ಸಿನಿಮಾ ಮಾಡಿದ ಪುಣ್ಯಾತ್ಮರು ಮದುವೆಯನ್ನೇ ಕಿತ್ತುಹಾಕಿದ್ದರು! ಕಿನ್ನರಿಯರು ಮರಿಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಒರೆಸಿ ಒರೆಸಿ ಸಾಕಾಗಿ, ಬಟ್ಟೆ ಬಿಸಾಡಿ, ಅರಮನೆಯ ಮುಂದೆ ಕೂತು ಕೂಗತೊಡಗಿದರು. ನನಗೆ ಸಾಹುಕಾರರ ಮಾತು ನೆನಪಾಯಿತು. "ಇವರೆಲ್ಲ ಇವತ್ತು ರಜೆ ತಗೊಂಡಿದ್ದಾರೆ" ಎಂದು ಅನುವಾದಿಸಿದೆ.

"ರಜಾ ತಗೊಂಡೋರು ಹೀಗೆ ಕೂಗ್ತಾರಾ ರೈಟರೇ?" ಎಂದು ಹಿಂದಿನಿಂದ ಕೇಳಿದವಳು ಪಾರ್ವತಕ್ಕ. ಅವಳು ತೋಟದಲ್ಲಿ ಕೆಲಸ ಮಾಡುವಾಗ ಅವಳ ಕೂಸು ಕಾಫಿ ಗಿಡದ ಬುಡದಲ್ಲಿ ಮಲಗುತ್ತದೆ. ಕೆಂಜಿಗ ಕಚ್ಚಿದ ಗುರುತು ಅದರ ಕೆನ್ನೆಯ ಮೇಲೆ ಇನ್ನೂ ಇತ್ತು. ಮಕ್ಕಳನ್ನು ಬಿಡಲು ಗೋಡೌನಿನ ಪಕ್ಕದ ಖಾಲಿ ಕೋಣೆ ಕೊಡಿಸಿ ಎಂದು ಹೆಂಗಸರೆಲ್ಲ ಕೇಳಿದ್ದರು. ಅದನ್ನು ನಾನು ಸಾಹುಕಾರರಿಗೆ "ಆ ಕೋಣೆ ಚೆನ್ನಾಗಿದೆ ಅಂತಾರೆ" ಎಂದು ದಾಟಿಸಿದ್ದೆ.

ಮರುದಿನ ಬೆಳಿಗ್ಗೆ ಒಬ್ಬರೂ ಚೀಲ ಮುಟ್ಟಲಿಲ್ಲ. "ನಾವೂ ರಜಾ" ಎಂದು ಕಣದಲ್ಲಿ ಕೂತುಬಿಟ್ಟರು. ಸಾಹುಕಾರರು ಜೀಪಿನಿಂದ ಇಳಿದು ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಪಾರ್ವತಕ್ಕ ಎದ್ದಳು.

"ಸಾವ್ಕಾರ್ರೇ, ಇವತ್ತು ನಾವೇ ಹೇಳ್ತೀವಿ. ರೈಟರ್ ಹೇಳಿದ್ರೆ ಬೇರೇನೋ ಆಗ್ತದೆ" ಎಂದು ಕೂಸಿನ ಕೆನ್ನೆ ತೋರಿಸಿ ಕೋಣೆ ಕೇಳಿದಳು. ಸಾಹುಕಾರರು ಬಗ್ಗಿ ಕೂಸಿನ ಕೆನ್ನೆ ನೋಡಿ, ಕೋಣೆಯ ಬೀಗದ ಕೈ ತರಿಸಿದರು. ಸಂಜೆಯೊಳಗೆ ಕೋಣೆಯ ಗೋಡೆಗೆ ಸುಣ್ಣ ಬಿತ್ತು. ನನಗೆ ನಿಜಕ್ಕೂ ಸಂತೋಷವಾಯಿತು, ನಾಚಿಕೆಯೂ ಆಯಿತು ಅನ್ನಿ.

ಕೋಣೆಯ ಪೂಜೆಯ ದಿನ ಅದೇ ಸಿನಿಮಾ ಮತ್ತೆ ಬೇಕೆಂದು ಎಲ್ಲರೂ ಹಟ ಹಿಡಿದರು. ಈ ಸಲ ಸಾಹುಕಾರರೂ ಮುಂದಿನ ಕುರ್ಚಿಯಲ್ಲಿ ಕೂತರು. ಕೊನೆಯಲ್ಲಿ ರಾಜ ಕಿರೀಟ ತೆಗೆದು ಕಿನ್ನರಿಯರಿಗೆ ಒಂದು ಮಾತು ಹೇಳುತ್ತಾನೆ. ನಾನು ಸಾಹುಕಾರರ ಮುಖ ನೋಡಿ, "ಆಗಿದ್ದು ಆಯ್ತು, ಎಲ್ಲರೂ ಊಟ ಮಾಡಿ ಅಂತಾನೆ" ಎಂದೆ.

ಸಾಹುಕಾರರು ನನ್ನ ಕಡೆ ತಿರುಗಿದರು. "ನನಗೂ ಇಂಗ್ಲಿಷ್ ಬರ್ತದೆ ರೈಟರೇ. ತಪ್ಪು ನನ್ನದು ಅಂದ ಅವನು. ಸರಿಯಾಗಿ ಹೇಳಿ, ಎಲ್ಲರಿಗೂ ಕೇಳುವ ಹಾಗೆ."

ನಾನು ಪರದೆಯ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಜೋರಾಗಿ ಹೇಳಿದೆ: "ತಪ್ಪು ನನ್ನದು!"

ಗೋಡೌನಿಗೆ ಗೋಡೌನೇ ಚಪ್ಪಾಳೆ ತಟ್ಟಿತು. ರಾಜನಿಗಿರಬೇಕು ಎಂದು ತಿರುಗಿ ನೋಡಿದರೆ, ಅವನು ಪರದೆ ಬಿಟ್ಟು ಆಗಲೇ ಹೊರಟುಹೋಗಿದ್ದ.