ವಿಸಿಡಿ ಟೈಲರು, ಡಿವಿಡಿ ಮಿಲ್ಲಿನವನು

ಹಾಸನದ ಬಸ್‌ ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟವನಿಗೆ ನಗೆ, ನಡುಕ ಎರಡೂ ಗಿರಾಕಿಗಳ ಜೊತೆಗೇ ಬರುತ್ತವೆ. ನಾನು ಸಿನಿಮಾ ಡಿಸ್ಕು ಮಾರುತ್ತಿದ್ದಾಗ ಎರಡನ್ನೂ ಒಟ್ಟಿಗೆ ತರುವವರು ಇಬ್ಬರಿದ್ದರು. ಹೊಳೆನರಸೀಪುರದ ಟೈಲರು ವಿಸಿಡಿ ಪಕ್ಷ. ಅರಕಲಗೂಡಿನ ಹಿಟ್ಟಿನ ಮಿಲ್ಲಿನವನು ಡಿವಿಡಿ ಪಕ್ಷ. ಸಂತೆ ದಿನ ಇಬ್ಬರೂ ನನ್ನ ಬೆಂಚಿಗೆ ಹಾಜರು.

"ನಂದ್ರಲ್ಲಿ ಇಡೀ ಸಿನಿಮಾ ಒಂದೇ ಡಿಸ್ಕು. ನಿಂದು ಅರ್ಧಕ್ಕೇ ಎದ್ದೋಗಿ ಇನ್ನೊಂದು ಹಾಕ್ಬೇಕು," ಅನ್ನುತ್ತಿದ್ದ ಮಿಲ್ಲಿನವನು.

"ಅದೇ ಕಣಯ್ಯ ಇಂಟರ್‌ವಲ್ಲು. ಕಾಫಿ ಕುಡಿಯಾಕೆ ಬಿಡದಿದ್ರೆ ಅದೆಂಥ ಸಿನಿಮಾ? ಒಂದ್ಸಲ ಬಾಯ್ಬಿಟ್ಟು ವಿಸಿಡಿನೇ ಮೇಲು ಅನ್ನು."

"ನೀನು ಸತ್ರೂ ಅನ್ನಾಕಿಲ್ಲ."

ಒಂಟಿ ಕಣ್ಣು

ಒಂದು ಮಳೆ ಸಂಜೆ ಪರೀಕ್ಷೆಯೇ ನಡೆಯಿತು. ಎರಡು ಟಿವಿ, ಒಂದೇ ದೆವ್ವದ ಸಿನಿಮಾ. ಡಿವಿಡಿಯಲ್ಲಿ ದೆವ್ವ ಲಕ್ಷಣವಾಗಿ ನಡೆದು ಬಂತು. ವಿಸಿಡಿಯಲ್ಲಿ ಅದರ ಮುಖ ಚೌಕ ಚೌಕವಾಗಿ ಒಡೆದು, ತುಟಿ ಒಂದು ಕಡೆ, ಕಣ್ಣು ಒಂದು ಕಡೆ ಆಗಿ, ಅಲ್ಲೇ ನಿಂತಿತು. ಸ್ವಿಚ್ಚು ಆರಿಸಿದೆ. ಆ ಒಂದು ಕಣ್ಣು ಮಾತ್ರ ಕಪ್ಪು ಗಾಜಿನ ಮೇಲೆ ಸ್ವಲ್ಪ ಹೊತ್ತು ನಮ್ಮನ್ನೇ ನೋಡುತ್ತಿತ್ತು. ಭಕ್ತಿಗೀತೆ ಡಿಸ್ಕು ಕೇಳಿಕೊಂಡು ಬಂದಿದ್ದ ಹೆಂಗಸೊಬ್ಬರು ಮಳೆಯಲ್ಲೇ ಹೊರಟುಹೋದರು.

ಟೈಲರು ಶಾಂತವಾಗಿ ಅಂದ: "ದೆವ್ವ ಅಂದ್ರೆ ಇಂಗಿರ್ಬೇಕು. ನಿನ್ ಡಿವಿಡೀಲಿ ಓಲೆ, ಪೌಡ್ರು ಎಲ್ಲಾ ಕಾಣ್ತದೆ. ಅಷ್ಟು ನೀಟಾಗಿ ಕಂಡ್ರೆ ಅದು ದೆವ್ವ ಅಲ್ಲ ಕಣ್ಲಾ, ನೆಂಟ್ರು."

ದುದ್ದದ ಹೊಲ

ದುದ್ದದ ರೈತನೊಬ್ಬ ರಾಗಿ ತೆನೆಗೆ ಬೀಳುವ ಹಕ್ಕಿ ಹೆದರಿಸಲು ಹಾಳಾದ ಡಿಸ್ಕು ಕೇಳಿ ಬಂದ. ನನಗೆ ಕಸ ಖಾಲಿಯಾದರೆ ಸಾಕಿತ್ತು. ಇವರಿಬ್ಬರು ಬಿಡಬೇಕಲ್ಲ. ಹೊಲದ ಒಂದು ಬದಿಗೆ ವಿಸಿಡಿ, ಇನ್ನೊಂದು ಬದಿಗೆ ಡಿವಿಡಿ ಕಟ್ಟಿಸಿ, ಮುಂದಿನ ವಾರ ನನ್ನನ್ನೂ ಎಳೆದುಕೊಂಡು ನೋಡಲು ಹೋದರು.

ಗಾಳಿಯೇ ಇರಲಿಲ್ಲ. ಆದರೂ ಡಿಸ್ಕುಗಳು ನಿಧಾನ ತಿರುಗುತ್ತಿದ್ದವು. ಡಿವಿಡಿ ಕಡೆ ಒಂದು ಹಕ್ಕಿಯೂ ಇಲ್ಲ. ವಿಸಿಡಿ ಗೂಟದ ಮೇಲೆ ಒಂದೇ ಒಂದು ಕಾಗೆ. ಹತ್ತಿರ ಹೋದರೂ ಹಾರಲಿಲ್ಲ. ಕತ್ತು ವಾಲಿಸಿ ನಮ್ಮ ಮುಖ ಒಂದೊಂದಾಗಿ ನೋಡಿ, ಮತ್ತೆ ಡಿಸ್ಕಿನ ಕಡೆ ತಿರುಗಿತು.

"ನಿನ್ ವಿಸಿಡಿಗೆ ಕಾಗೇನೂ ಎದ್ರಾಕಿಲ್ಲ," ಅಂದ ಮಿಲ್ಲಿನವನು.

"ಎದ್ರಾಕೆ ಬಂದಿಲ್ಲ ಅದು, ಸಿನಿಮಾ ನೋಡಾಕೆ ಬಂದೈತೆ. ನಿಂದು ನೋಡಾಕೆ ಒಂದು ಗುಬ್ಬಿನಾದ್ರೂ ಬಂತಾ?"

ಹೊಳೆ ದಂಡೆಯ ಎಡೆ

ಈಗ ಡಿಸ್ಕು ಕೇಳುವವರಿಲ್ಲ. ಡಿಸ್ಕು ಜೋಡಿಸುತ್ತಿದ್ದ ಗೂಡುಗಳಲ್ಲಿ ಮೊಬೈಲ್ ಕವರು ನೇತುಹಾಕಿದ್ದೇನೆ. ಹೋದ ವರ್ಷ ಟೈಲರು ತೀರಿಕೊಂಡ. ಹನ್ನೊಂದನೇ ದಿನ ಹೇಮಾವತಿ ದಂಡೆಯಲ್ಲಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆ ಮೇಲೆ ಎಡೆ ಇಟ್ಟರು. ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ.

ಮರದ ತುಂಬ ಕಾಗೆ. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ಮಿಲ್ಲಿನವನು ಬಗ್ಗಿ ನೋಡಿದ. ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು, ಪಕ್ಕದಲ್ಲಿ ಒಂದು ಡಿಸ್ಕು.

"ಇದು ಡಿವಿಡಿ ಕಣವ್ವ," ಅಂದ.

ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಟೈಲರ ಮಗಳು, "ಎಲ್ಲಾ ಒಂದೇ ತರ ದುಂಡಗವೆ ಅಲ್ವಾ ಮಾವ," ಅಂದಳು.

"ಹೊಳಪಿಗೆ ಹೆದರಿರಬೇಕು, ತೆಗೀರಿ," ಅಂದೆ ನಾನು. ತೆಗೆದರು. ಆದರೂ ಕಾಗೆ ಬರಲಿಲ್ಲ. ಮಗಳು ಅಳತೊಡಗಿದಳು. "ಅಪ್ಪಂಗೆ ಏನು ಉಳಿದೈತೋ."

ಏನು ಉಳಿದಿದೆ ಎಂದು ಗೊತ್ತಿದ್ದದ್ದು ನಮ್ಮಿಬ್ಬರಿಗೆ. ಮಿಲ್ಲಿನವನು ನನ್ನ ಮುಖ ನೋಡಿದ. ನಾನು ಹೊಳೆ ನೋಡಿದೆ. ಕೊನೆಗೆ ಅವನು ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡು ಮರಕ್ಕೆ ಕೈಮುಗಿದ.

"ಆಯ್ತು ಕಣಯ್ಯ. ವಿಸಿಡಿನೇ ಮೇಲು. ಬಂದು ಉಣ್ಣು."

ಒಂದು ಕಾಗೆ ಇಳಿಯಿತು. ಕತ್ತು ವಾಲಿಸಿ ಅವನನ್ನೇ ನೋಡಿತು. ಮುದ್ದೆಯನ್ನು ಸರಿಯಾಗಿ ಅರ್ಧ ತಿಂದು, ಮತ್ತೆ ಕೊಂಬೆಗೆ ಹೋಗಿ ಸುಮ್ಮನೆ ಕೂತಿತು.

"ಅಯ್ಯೋ, ಅರ್ಧಕ್ಕೇ ಬುಟ್ಬುಡ್ತಲ್ಲ," ಎಂದು ಹೆಂಗಸರು ಗಾಬರಿಯಾದರು.

ಮಿಲ್ಲಿನವನು ಕಲ್ಲಿನ ಮೇಲೆ ಕಾಲು ಚಾಚಿ ಕೂತ. "ಎದ್ರಬ್ಯಾಡಿ. ಮೊದಲ್ನೇ ಡಿಸ್ಕು ಮುಗೀತು. ಎರಡ್ನೇದು ಹಾಕ್ಕಂಡು ಬತ್ತಾನೆ. ಅಲ್ಲೀಗಂಟ ಆ ಫ್ಲಾಸ್ಕಿನಾಗೆ ಕಾಫಿ ಇದ್ರೆ ಕೊಡಿ."

ನಾವು ಕಾಫಿ ಕುಡಿದು ಲೋಟ ಕೆಳಗಿಡುವುದಕ್ಕೂ ಕಾಗೆ ಇಳಿದು ಬರುವುದಕ್ಕೂ ಸರಿಹೋಯಿತು.