ತಮ್ಮ ಧಾರಾವಾಹಿಯ ಸೊಸೆಯಾಗಿ ನಾನು ಕಳೆದ ಮೂರು ವಾರಗಳು

ಮಾನ್ಯ ಪ್ರೇಕ್ಷಕ ಸಂಪರ್ಕ ವಿಭಾಗದ ಮುಖ್ಯಸ್ಥರೇ,

ಮೂಲೆ ಅಂಗಡಿಯ ದರ್ಜಿಯಮ್ಮ ಸೂಜಿ ದಾರ ಕೆಳಗಿಟ್ಟು, ಎರಡೂ ಕೈ ಜೋಡಿಸಿ ಮಾಡುವ ವಿಜ್ಞಾಪನೆ.

ತಮ್ಮ ಸಂಜೆಯ ಧಾರಾವಾಹಿಯಲ್ಲಿ ಸೊಸೆ ಗಂಡನ ಮನೆ ಬಿಟ್ಟು ಹೊರಟ ದಿನವೇ ‘ಅವಳಿಗೆ ನೀವೇ ಬುದ್ಧಿ ಹೇಳಿ, ಕರೆ ಮಾಡಿ’ ಎಂದು ರೇಡಿಯೊ, ಪತ್ರಿಕೆ, ಮೊಬೈಲು, ಬಸ್ಸಿನ ಬೆನ್ನು ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ, ನೋಡುವವರನ್ನು ಕಥೆಯೊಳಕ್ಕೇ ಎಳೆದುಕೊಂಡ ತಮ್ಮ ಜಾಣ್ಮೆಗೆ ತಲೆದೂಗದವರು ಯಾರು. ಪೋಣಿಸುವಾಗ ಫೋನ್ ಸಂಖ್ಯೆಯ ಕೊನೆಯ ಒಂಬತ್ತು ಆರಾಗಿ, ಆ ಸೊಸೆ ನಾನಾದೆ ಎಂಬುದಷ್ಟೇ ಒಂದು ಸಣ್ಣ ಎಡವಟ್ಟು.

ಮೊದಲ ದಿನವೇ ನಲವತ್ತಮೂರು ಕರೆ. ‘ರಾಂಗ್ ನಂಬರ್ ಸ್ವಾಮಿ, ನಾನು ಬಟ್ಟೆ ಹೊಲಿಯೋಳು’ ಎಂದರೆ, ‘ಅಯ್ಯೋ, ಹೊಟ್ಟೆಪಾಡಿಗೆ ಹೊಲಿಗೆಗೂ ಇಳಿದ್ಯಾ ಮಗಳೇ’ ಎಂದು ನಿವೃತ್ತ ಮೇಷ್ಟ್ರೊಬ್ಬರು ಬಿಕ್ಕಿದರು. ಅವರನ್ನು ಸಮಾಧಾನಪಡಿಸುವ ಭರದಲ್ಲಿ ಬ್ಯಾಂಕ್ ಮ್ಯಾನೇಜರರ ಕೋಟಿಗೆ ಎರಡೂ ಎಡತೋಳು ಕೂರಿಸಿದೆ. ಇದಕ್ಕೆ ತಮ್ಮನ್ನು ದೂರುವುದಿಲ್ಲ. ಅಷ್ಟು ದೊಡ್ಡ ಕಲಾಸೇವೆಯಲ್ಲಿ ಒಂದು ತೋಳು ಯಾವ ಲೆಕ್ಕ.

ದೂರು ಬೇರೆ ಇದೆ. ದಿನವೂ ನಾಲ್ಕು ಗಂಟೆಗೆ ಒಬ್ಬ ಅಜ್ಜಿ ಕರೆ ಮಾಡುತ್ತಿದ್ದರು. ಬುದ್ಧಿ ಹೇಳಲಿಲ್ಲ. ‘ನೀನು ಹೊರಗೆ ಬಂದಿದ್ದು ಒಳ್ಳೇದಾಯ್ತು ಕಣಮ್ಮ. ನಾನೂ ಒಂದ್ಸಲ ಹೊಸ್ತಿಲವರೆಗೂ ಬಂದಿದ್ದೆ, ವಾಪಸ್ ಒಳಗೆ ಹೋಗ್ಬಿಟ್ಟೆ’ ಎಂದರು. ನಾನು ಆ ಸೊಸೆಯಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಯಾರಿಗೂ ಹೇಳದ ನಲವತ್ತು ವರ್ಷಗಳನ್ನು ಅವರು ಬಿಚ್ಚಿಡುತ್ತಿದ್ದರೆ, ಮಿಷನ್ ನಿಲ್ಲಿಸಿ ಹದಿನೇಳು ದಿನ ಕೇಳಿದೆ.

ಕಳೆದ ಶುಕ್ರವಾರ ತಾವು, ಬುದ್ಧಿ ಹೇಳಿದ ಒಬ್ಬರನ್ನೂ ಕೇಳದೆ, ಸೊಸೆಯನ್ನು ಗಂಡನ ಹೆಗಲಿಗೆ ಒರಗಿಸಿ ಮನೆ ಸೇರಿಸಿದಿರಿ. ಶನಿವಾರ ನಾಲ್ಕಕ್ಕೆ ಫೋನು ಬರಲಿಲ್ಲ. ನಾನೇ ಮಾಡಿದೆ. ‘ನೀನೂ ಹೋಗ್ಬಿಟ್ಯಲ್ಲಮ್ಮ’ ಎಂದಷ್ಟೇ ಹೇಳಿ ಅಜ್ಜಿ ಫೋನಿಟ್ಟರು.

ಆದ್ದರಿಂದ ಸೊಸೆಯನ್ನು ಕೂಡಲೇ ಮತ್ತೆ ಮನೆ ಬಿಡಿಸಬೇಕಾಗಿ ಕೋರಿಕೆ. ಕಾರಣ ಹೊಳೆಯದಿದ್ದರೆ, ಕರೆ ಮಾಡಿದವರು ಒಪ್ಪಿಸಿದ ಮುನ್ನೂರು ಕಾರಣಗಳು ನನ್ನಲ್ಲಿವೆ. ಹೊರಬಂದವಳಿಗೆ ಕೆಲಸ ನಾನು ಕೊಡುತ್ತೇನೆ. ಗುಂಡಿಗೆ ಕಾಜಾ ಹಾಕಲು ಬಂದರೆ ಸಾಕು.

ತಮ್ಮ ವಿಶ್ವಾಸಿ, ಮತ್ತು ಕೆಲಕಾಲ ತಮ್ಮ ಕಥಾನಾಯಕಿ,
ದರ್ಜಿಯಮ್ಮ

ಮರೆತ ಮಾತು: ಈ ಪತ್ರ ಅಂಚೆಗೆ ಹಾಕುವವರೆಗೂ ಕಾಯಲಾಗದೆ ಭಾನುವಾರ ಅಜ್ಜಿಗೆ ಮತ್ತೆ ಕರೆ ಮಾಡಿ ನಿಜ ಹೇಳಿದೆ: ನಾನು ಬರೀ ದರ್ಜಿ, ಗಂಡನ ಮನೆ ಬಿಟ್ಟು ಹನ್ನೊಂದು ವರ್ಷವಾಯಿತು, ವಾಪಸ್ ಹೋಗಿಲ್ಲ. ‘ಹಾಗಿದ್ರೆ ನಾಳೆ ಮಾಡ್ತೀನಿ’ ಎಂದರು ಅಜ್ಜಿ. ಮಾಡಿದರು. ತಮ್ಮ ಸೊಸೆಗೂ ಆ ಮನೆಯಲ್ಲಿ ಬೇಸರವಾದರೆ ಕರೆ ಮಾಡಲು ಹೇಳಿ. ಐದಕ್ಕೆ ಮಾಡಲಿ, ನಾಲ್ಕಕ್ಕೆ ಲೈನ್ ಬಿಡುವಿರುವುದಿಲ್ಲ.